ಮೂರು ಕೊಂಬೆಯ ಸೇವಂತಿಗೆಯಲ್ಲಿ ಎರಡು ಹೂವು

ಯಮಗಾಟಾ
ಅಕ್ಟೋಬರ್ 24, 1982

ಫುಸಾಯೆಗೆ,

ಒಂದೇ ಕುಂಡ ಉಳಿದಿರೋದು. ಐದು ಹೋಯ್ತು. ಬೈಯೋದಿದ್ರೆ ಈಗಲೇ ಬೈದು ಮುಗಿಸು, ಆಮೇಲೆ ಮುಂದೆ ಓದು.

ನೀನು ಸೆಂದಾಯಿಗೆ ಅಕ್ಕನ ಮನೆಗೆ ಹೋಗಿ ಎರಡು ತಿಂಗಳಾಯ್ತು, ನಾನು ಇವತ್ತು ಕಾಗದ ಬರೀತಿದೀನಿ. ತಪ್ಪಾಯ್ತು. ಫೋನ್ ಮಾಡಬಹುದಿತ್ತು. ಆದ್ರೆ ಫೋನಲ್ಲಿ ನಿನ್ನ ದನಿ ಕೇಳಿದ್ರೆ ಭಯ ಆಗುತ್ತೆ, ಭಯ ಆದ್ರೆ ನಾನು ಜೋಕ್ ಹೊಡೀತೀನಿ. ಮಾವನ ಸಾವಿನ ಮನೇಲಿ ಒಂದು ಜೋಕ್ ಹೊಡೆದಿದ್ದಕ್ಕೇ ನೀನು ನಲವತ್ತೊಂಬತ್ತನೇ ದಿನದ ಕಾರ್ಯ ಮುಗಿಸಿ ಪೆಟ್ಟಿಗೆ ಕಟ್ಟಿದೆ. ಇನ್ನೊಂದು ಹೊಡೆದ್ರೆ ಎಲ್ಲಿಗೆ ಹೋಗ್ತೀಯೋ ಯಾರಿಗ್ಗೊತ್ತು, ಸೆಂದಾಯಿ ಆದ್ಮೇಲೆ ಸಮುದ್ರವೇ ಇರೋದು. ನೋಡು, ಕಾಗದದಲ್ಲೂ ಬಿಡಲ್ಲ ಈ ಚಾಳಿ.

ಕುಂಡದ ವಿಷಯ ಹೇಳ್ತೀನಿ. ಮಾವ ಹೋಗೋದಕ್ಕೆ ಒಂದು ವಾರ ಮುಂಚೆ ಜಗಲಿ ಮೇಲೆ ದಿಂಬಿಗೆ ಒರಗಿಕೊಂಡು, ಆರೂ ಗಿಡಾನ ದೊಡ್ಡ ಕುಂಡಕ್ಕೆ ನನ್ನ ಕೈಯಲ್ಲೇ ಹಾಕಿಸಿದ್ರಲ್ಲ, ನೆನಪಿದೆ ತಾನೆ? ಆಗಸ್ಟಲ್ಲಿ ನಾನು ಪ್ರೀತಿ ಜಾಸ್ತಿಯಾಗಿ ಹಿಂಡಿ ಗೊಬ್ಬರ ಹಾಕಿದೆ. ಎರಡರ ಬೇರು ಸುಟ್ಟು ಹೋಯ್ತು. ಸೆಪ್ಟೆಂಬರ್ ಬಿರುಗಾಳೀಲಿ ಮೂರು ಮುರಿದು ಬಿದ್ದವು. ಉಳಿದ ಒಂದನ್ನ ಅಪ್ಪಿಕೊಂಡು ಅಂಗಡಿ ಒಳಗೆ ತಂದು ಕಟಿಂಗ್ ಕುರ್ಚಿ ಮೇಲೆ ಕೂರಿಸಿ, ಬಟ್ಟೆ ಹೊದಿಸಿದೆ. ಬೆಳಗ್ಗೆ ಅಂಚೆಯವನು ಬಾಗಿಲು ತೆಗೆದು, ಗಿರಾಕಿ ಇದಾರೆ, ಆಮೇಲೆ ಬರ್ತೀನಿ ಅಂತ ಹೋಗಿಬಿಟ್ಟ.

ಆ ಗಿಡಾನ ಮಾತ್ರ ಚೆನ್ನಾಗಿ ನೋಡಿಕೊಂಡೆ ಫುಸಾಯೆ. ದಿನಾ ಎಲೆ ಕೆಳಗೆ ಹುಳ ಹುಡುಕಿದೆ. ಮಾವ ಹೇಳಿದ ಹಾಗೆ ಮಧ್ಯಾಹ್ನ ಆದ್ಮೇಲೆ ನೀರು ಮುಟ್ಟಿಸಲಿಲ್ಲ. ಮೂರು ಕೊಂಬೆನೂ ಅಳತೆ ಹಿಡಿದ ಹಾಗೆ ಎದ್ದವು. ಹಿಂದಿನ ಎತ್ತರದ್ದರ ಹೆಸರು ಆಕಾಶ, ಮುಂದಿನ ಎರಡರದ್ದು ಭೂಮಿ, ಮನುಷ್ಯ. ಒಂದೊಂದರ ತುದೀಲೂ ಬಟಾಣಿಯಷ್ಟು ದಪ್ಪ ಮೊಗ್ಗು. ಅದರ ಸುತ್ತ ಹುಟ್ಟೋ ಸಣ್ಣ ಮೊಗ್ಗನ್ನೆಲ್ಲ ಕಿತ್ರೆ ತಾನೇ ದೊಡ್ಡದು ತಲೆ ಗಾತ್ರ ಆಗೋದು? ನಾನು ಮೀಸೆ ಕೂದಲು ಕೀಳೋ ಚಿಮಟ ತಗೊಂಡು ಕೂತೆ. ಎಷ್ಟು ನೀಟಾಗಿ ಕಿತ್ತೆ ಅಂದ್ರೆ, ಕನ್ನಡಿ ಹಿಡಿದು ಗಿಡಕ್ಕೇ ತೋರಿಸೋಣ ಅನ್ನಿಸ್ತು.

ಹನ್ನೆರಡನೇ ತಾರೀಕು ಅಂಗಡಿ ಮುಂದೆ ಗಿಡದ ಪಕ್ಕ ನಿಂತು ಇಬ್ಬರು ಗಿರಾಕಿಗಳಿಗೆ ಸೇವಂತಿಗೆ ಸಂಘದ ಅಧ್ಯಕ್ಷ ಕುರಾಮೋಚಿಯವರ ನಡಿಗೆ ತೋರಿಸ್ತಿದ್ದೆ. ಹೊಟ್ಟೆ ಮುಂದೆ, ಕೈ ಹಿಂದೆ. ಅವರು ನಗ್ತಿದ್ದೋರು ತಟ್ಟನೆ ನಿಲ್ಲಿಸಿದ್ರು. ತಿರುಗಿ ನೋಡಿದೆ, ಕುರಾಮೋಚಿಯವರೇ ನಿಂತಿದಾರೆ, ಹೊಟ್ಟೆ ಮುಂದೆ, ಕೈ ಹಿಂದೆ. ನಾನು ತಿರುಗಿದ ರಭಸಕ್ಕೆ ಮೊಣಕೈ ತಾಗಿ ಮನುಷ್ಯ ಕೊಂಬೆಯ ಮೊಗ್ಗು ಟಪ್ ಅಂತ ಬಿತ್ತು. ಬಿಳಿ ಬಣ್ಣ ಆಗ ತಾನೆ ಇಣುಕ್ತಿತ್ತು.

ಅವರು ನನ್ನ ಬೈಲಿಲ್ಲ. ಬಗ್ಗಿ ಗಿಡ ನೋಡಿದ್ರು.

"ಪಕ್ಕದ ಮೊಗ್ಗು ಎಲ್ಲಿ?"

"ಕಿತ್ತೆ."

"ಎಲ್ಲಾನೂ?"

"ಎಲ್ಲಾನೂ."

"ಅಲ್ಲಯ್ಯ ಕಿಸಾಕು, ಬಣ್ಣ ಪೂರ್ತಿ ಕಾಣೋವರೆಗೂ ಒಂದನ್ನ ಬಿಟ್ಟಿರಬೇಕು, ದೊಡ್ಡದಕ್ಕೆ ಏನಾದ್ರೂ ಆದ್ರೆ ಇರಲಿ ಅಂತ. ನಿಮ್ಮ ಮಾವ ಹೇಳಿಕೊಡಲಿಲ್ವಾ?"

ಹೇಳಿದ್ರು. ನೂರು ಸಲ ಹೇಳಿದ್ರು. ಆದ್ರೆ ಮೂವತ್ತೈದು ವರ್ಷ ಜನರ ಕತ್ತಿನ ಮೇಲೆ ಒಂದು ಕೂದಲು ಬಿಡದೆ ಕೆಲಸ ಮಾಡಿರೋ ಕೈ ಇದು, ಹೆಚ್ಚಿಗೆ ಏನಾದ್ರೂ ಕಂಡ್ರೆ ತಡ್ಕೊಳಲ್ಲ. ಕುರಾಮೋಚಿಯವರು ಅದನ್ನೇ ಅಂದ್ರು, ಇದು ಕ್ಷೌರ, ತೋಟದ ಕೆಲಸ ಅಲ್ಲ ಅಂತ. ಆಮೇಲೆ, ಈ ವರ್ಷ ಪ್ರದರ್ಶನಕ್ಕೆ ಬೇಡ, ಮೂರು ಹೂವಿನ ಸಾಲಲ್ಲಿ ಎರಡು ಹೂವಿಗೆ ಜಾಗ ಇಲ್ಲ, ಮಾವನ ಜಾಗ ಬ್ಯಾಂಕಿನ ಹೊಸ ಮ್ಯಾನೇಜರಿಗೆ ಕೊಡ್ತೀವಿ ಅಂದು ಹೋದ್ರು.

ದೇವಸ್ಥಾನದ ಅಂಗಳದಲ್ಲಿ ಎಡದಿಂದ ಮೂರನೇ ಜಾಗ. ಮೂವತ್ತೊಂದು ವರ್ಷ ಒಂದು ಸಲನೂ ಖಾಲಿ ಬಿಟ್ಟಿಲ್ಲ ಮಾವ. ನಿಮ್ಮಮ್ಮ ತೀರಿಕೊಂಡ ವರ್ಷವೂ ಇಟ್ಟಿದ್ರು. ಮಾವ ತೀರಿಕೊಂಡ ವರ್ಷವೇ ಅದು ಬ್ಯಾಂಕಿನವರಿಗೆ ಹೋಗೋದಾ? ಆಗಲ್ಲ ಅಂದೆ. ಗಿಡಕ್ಕೇ ಅಂದೆ, ಬೇರೆ ಯಾರಿದ್ರು.

ಮಾರನೇ ದಿನ ಕುರಾಮೋಚಿಯವರ ಮನೆಗೆ ಹೋದೆ. ಟೀ ಕೊಟ್ಟು ಕಳಿಸಿದ್ರು. ಅದರ ಮಾರನೇ ದಿನವೂ ಹೋದೆ. ಟೀನೂ ಇಲ್ಲ. ನಿನ್ನೆ ಮೂರನೇ ಸಲ ಹೋಗಿ ಬಾಗಿಲಲ್ಲೇ ಮಂಡಿಯೂರಿ ಕೂತೆ.

"ನಗಿಸೋಕೆ ಬಂದಿದ್ದೀಯ?" ಅಂದ್ರು.

"ಇಲ್ಲ," ಅಂದೆ.

ಅಷ್ಟೇ ಅಂದಿದ್ದು. ನಾನು ಒಂದೇ ಮಾತಲ್ಲಿ ಉತ್ತರ ಕೊಟ್ಟಿದ್ದು ಅವರು ಹುಟ್ಟಿದಾಗಿನಿಂದ ಕೇಳಿರಲಿಲ್ಲ ಅನ್ಸುತ್ತೆ, ಕನ್ನಡಕ ತೆಗೆದು ಒರೆಸಿಕೊಂಡ್ರು. ಬಹುಮಾನದ ಲೆಕ್ಕಕ್ಕೆ ಹಿಡಿಯಲ್ಲ, ಆದ್ರೆ ಅದೇ ಜಾಗದಲ್ಲಿ ಇಡು ಅಂದ್ರು. ನಾನು ಏಳೋಕೆ ಹೋದ್ರೆ ಕಾಲು ಜೋಮು ಹಿಡಿದು ಅವರ ಚಪ್ಪಲಿ ಮೇಲೇ ಬಿದ್ದೆ. ಅದು ಬೇಕಂತ ಮಾಡಿದ್ದಲ್ಲ, ಆಣೆ.

ಬಿದ್ದಿದ್ದಾಗಲೇ ಅವರು ಕೇಳಿದ್ರು, ಹೆಸರಿನ ಹಲಗೆ ಮೇಲೆ ಯಾರ ಹೆಸರು ಬರೀತೀಯ? ಹೋದವರ ಹೆಸರು ಹಾಕೋ ಪದ್ಧತಿ ಇಲ್ಲ. ಫುಸಾಯೆ ಹೆಸರು ಅಂದೆ. ಬೇರು ನಿಮ್ಮಪ್ಪಂದು, ಮೊಗ್ಗು ಬೀಳಿಸಿದ್ದು ಮಾತ್ರ ನಾನು.

ಈಗ ಕೇಳು. ಪ್ರತಿ ವರ್ಷ ಹಲಗೆ ಬರೀತಿದ್ದೋಳು ನೀನು. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು, ಅದೂ ಕುಂಚದಲ್ಲಿ. ಹಲಗೆ ಉಜ್ಜಿ ಒಣಗಿಸಿ ಮಾವನ ಫೋಟೋ ಪಕ್ಕ ಇಟ್ಟಿದೀನಿ. ಒಂದನೇ ತಾರೀಕು ಬೆಳಗ್ಗೆ ಎಂಟಕ್ಕೆ ಕುಂಡ ಹೊರಬೇಕು. ನೀನು ಬಂದು ಬರೆದ್ರೆ ಸರಿ. ಬರದಿದ್ರೆ ಬರೀ ಹಲಗೆ ನಿಲ್ಲಿಸ್ತೀನಿ. ಬೇರೆಯವರ ಕೈಯಲ್ಲಿ ಬರೆಸಲ್ಲ. ಕುಂಡ ಮಾತ್ರ ಆ ಜಾಗದಲ್ಲಿ ಇರುತ್ತೆ, ಆಕಾಶ ಬಿದ್ರೂ ಇರುತ್ತೆ, ಭೂಮಿ ಒಂದೇ ಉಳಿದ್ರೂ ಇರುತ್ತೆ.

ಬುಡದಲ್ಲಿ ಏಳು ಚಿಗುರು ಬಂದಿದೆ. ಮುಂದಿನ ವರ್ಷಕ್ಕೆ ಏಳು ಕುಂಡ. ಹಿಂಡಿ ಡಬ್ಬಕ್ಕೆ ಬೀಗ ಹಾಕಿದೀನಿ, ಬೀಗದ ಕೈ ಪಕ್ಕದ ಮನೆ ಟೊಕು ಅಜ್ಜಿ ಹತ್ರ.

ಹಿತ್ತಲಲ್ಲಿ ಅಡುಗೆಗೆ ಹಾಕೋ ಸೇವಂತಿಗೆ ಮಾತ್ರ ಯಾರೂ ನೋಡದೆ ನೇರಳೆ ಬಣ್ಣದಲ್ಲಿ ಕುಪ್ಪೆ ಕುಪ್ಪೆ ಬಿಟ್ಟಿದೆ. ಬುಟ್ಟಿ ತುಂಬ ಕಿತ್ತು ಅಜ್ಜಿಗೆ ಕೊಟ್ಟೆ. ಎಸಳು ಬಿಡಿಸುತ್ತಾ, ನಿನ್ನ ಕೈಗೆ ಸಿಗದೇ ಇರೋದು ಹೇಗೆ ಬೆಳೆದಿದೆ ನೋಡು ಅಂದ್ಲು.

ಅಕ್ಕ ಭಾವನಿಗೆ ನಮಸ್ಕಾರ ಹೇಳು. ಅವರ ಪುಟ್ಟ ಮಗಳಿಗೆ ನನ್ನ ಆಶೀರ್ವಾದ, ಅವಳ ಮುಂಗೂದಲು ಬೇರೆಯವರ ಕೈಯಲ್ಲಿ ಕಟ್ ಮಾಡಿಸಬೇಡಿ. ನಿನ್ನ ಮಂಡಿ ನೋವು ಕಡಿಮೆಯಾಗಲಿ, ಬೆಚ್ಚಗಿರು.

ನಿನ್ನ,
ಕಿಸಾಕು

ಮರೆತಿದ್ದು: ಅಜ್ಜಿ ಊಟಕ್ಕೆ ಕೂಗ್ತಿದ್ದಾಳೆ, ಬಂದೆ ಅಂದಿದೀನಿ. ಇದೊಂದು ಬರೆದುಬಿಡ್ತೀನಿ.

ಆವತ್ತು ಶವಪೆಟ್ಟಿಗೆಯಲ್ಲಿ ಮಲಗಿಸೋ ಮುಂಚೆ ಮಾವನಿಗೆ ನಾನೇ ಶೇವ್ ಮಾಡಿದೆ. ಪ್ರತಿ ಸೋಮವಾರ ಮಾಡ್ತಿದ್ದೆನಲ್ಲ, ಪ್ರತಿ ಸೋಮವಾರ ಎಡಗಡೆ ಒರಟು ಅಂತ ಬೈತಿದ್ರಲ್ಲ. ಅದಕ್ಕೇ ಎಲ್ಲರ ಮುಂದೆ, ಇವತ್ತೊಂದು ದಿನ ಮಾವ ನನ್ನ ಕೆಲಸದಲ್ಲಿ ತಪ್ಪು ಹುಡುಕಲಿಲ್ಲ ಅಂದೆ. ಎಲ್ಲರೂ ನಕ್ಕರು. ನೀನು ನಗಲಿಲ್ಲ. ಗದ್ದದ ಕೆಳಗಿನ ಗಾಯ ನೀನು ನೋಡಿದ್ದೆ, ಅದರ ಮೇಲೆ ಬಿಳಿ ಸೇವಂತಿಗೆ ಇಟ್ಟು ಮುಚ್ಚಿದೋಳೂ ನೀನೇ. ಕುಡಿದಿದ್ದ ಅಂದುಕೊಂಡಿರ್ತೀಯ.

ಕುಡಿದಿರಲಿಲ್ಲ. ಎಡಗಡೆ ಒರಟು ಉಳೀಬಾರದು ಅಂತ ಇನ್ನೊಂದು ಸಲ ಎಳೆದೆ. ಕತ್ತಿ ತಾಗಿದ ತಕ್ಷಣ ಅಭ್ಯಾಸಕ್ಕೆ ಹತ್ತಿ ತಗೊಂಡು ಒತ್ತಿ ಹಿಡಿದೆ. ಎಷ್ಟು ಹೊತ್ತು ಹಿಡಿದಿದ್ದೆನೋ. ತೆಗೆದು ನೋಡಿದ್ರೆ ಹತ್ತಿ ಬೆಳ್ಳಗೇ ಇತ್ತು. ಅವರು ಹೋದ್ರು ಅಂತ ನನಗೆ ಗೊತ್ತಾಗಿದ್ದು ಆವಾಗ. ಹದಿನೈದು ವರ್ಷದ ಹುಡುಗ ಆಗಿದ್ದಾಗಿನಿಂದ ನನ್ನ ಬೈದವರು ಅವರೊಬ್ಬರೇ. ಏನಾದ್ರೂ ಹೇಳದೇ ಇದ್ದಿದ್ರೆ ಅಲ್ಲೇ ಕೂಗಿಬಿಡ್ತಿದ್ದೆ.

ಅಜ್ಜಿ ಗೋಡೆ ಬಡೀತಿದ್ದಾಳೆ. ವಿನೆಗರ್ ಹಾಕಿದ ಸೇವಂತಿಗೆ ಬಣ್ಣ ಬಿಡ್ತಿದೆಯಂತೆ, ಅನ್ನ ಆರ್ತಿದೆಯಂತೆ. ಹೋಗ್ತೀನಿ.