ಕಪ್ಪಾದ ಡಿಸ್ಕ್

ಮಾರ್ಚ್ ೪
ಬೆಳಿಗ್ಗೆಯಿಂದ ಸ್ಕ್ಯಾನಿಂಗಿಗೆ ಬಂದದ್ದು ಬರೀ ಸೊಂಟಗಳೇ. ಸ್ಕ್ಯಾನ್ ಮುಗಿಸಿ ಎದ್ದವರೆಲ್ಲ ಕೇಳುವುದು ಒಂದೇ — "ಏನಾದ್ರೂ ಕಾಣ್ಸ್ತಾ ಮೇಡಂ?" ನನ್ನದೂ ಒಂದೇ ಉತ್ತರ — "ಡಾಕ್ಟರ್ ಹೇಳ್ತಾರೆ."

ಮಧ್ಯಾಹ್ನ ಎಂಆರ್‌ಐ ಮೆಷಿನ್ ಸರ್ವಿಸ್ ಆಯಿತು. ಆಮೇಲೆ ಟೆಸ್ಟಿಗೆ ನಮ್ಮಲ್ಲೇ ಯಾರಾದರೂ ಮಲಗುವುದು ರೂಢಿ. ನಾನೇ ಮಲಗಿದೆ, ಬೆನ್ನು ಚಾಚಲು ಸಿಕ್ಕಿದ್ದೇ ಪುಣ್ಯವೆಂದು. ಜೊತೆಯ ಟೆಕ್ನಿಷಿಯನ್ ಬಾಯಿಬಡುಕ. ಮೈಕಿನಲ್ಲಿ, "ಅಕ್ಕ, ಗೊರಕೆ ಹೊಡೀಬೇಡಿ, ಚಿತ್ರ ಅಲುಗುತ್ತೆ" ಎನ್ನುತ್ತಿದ್ದ. ನಡುವೆ ಮಾತು ನಿಂತಿತು. ಆ ಮೌನ ನನಗೆ ಗೊತ್ತು... ಎಷ್ಟೋ ಜನರಿಗೆ ನಾನೇ ಕೊಟ್ಟಿದ್ದೇನೆ.

ಮಾರ್ಚ್ ೫
ಚಿತ್ರ ನೋಡಿದೆ. ಬೆನ್ನುಮೂಳೆಗಳ ನಡುವಿನ ಡಿಸ್ಕಿನಲ್ಲಿ ನೀರಿದ್ದರೆ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ನನ್ನವು ಕೆಳಗಿನೆರಡು ಇದ್ದಿಲು. ಒಂದು ಹಿಂದಕ್ಕೆ ಉಬ್ಬಿದೆ.

ಡಾಕ್ಟರ್ ಹೇಳಿದರು, "ಸವೆತ ಎಲ್ಲರಿಗೂ ಇದ್ದದ್ದೇ. ಆದ್ರೆ ನಿಮಗೆ ನರ ಒತ್ತಿದೆ, ಕಾಲು ಬೇರೆ ಜೋಮು ಅಂತೀರಿ. ಭಾರ ಮಾತ್ರ ಎತ್ತಬೇಡಿ."

"ಸರಿ ಸರ್" ಎಂದೆ. ಆ ಭಾರ ಅಮ್ಮ ಎಂದು ಹೇಳಲಿಲ್ಲ. ಲಕ್ವ ಹೊಡೆದಾಗಿನಿಂದ ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ನಾನೇ ಎತ್ತಬೇಕು. ಬೇರೆ ಯಾರಿದ್ದಾರೆ?

ಮಾರ್ಚ್ ೧೨
ಡಾಕ್ಟರ್ ಬರೆದುಕೊಟ್ಟ ಸೊಂಟದ ಬೆಲ್ಟ್ ಅಮ್ಮನ ಕಣ್ಣಿಗೆ ಬಿತ್ತು.
"ಅದೇನೇ ಸೊಂಟಕ್ಕೆ?"
"ಹೊಟ್ಟೆ ಕರಗ್ಸೋಕೆ."
"ಇದ್ರೆ ತಾನೇ ಕರಗೋದು."
ಇಬ್ಬರೂ ನಕ್ಕೆವು. ಎತ್ತುವಾಗ ನಾನು ನರಳಿದ್ದು ಕೇಳಿಸಿತೇನೋ. ಅಮ್ಮ ಮತ್ತೆ ಬೆಲ್ಟಿನ ಕಡೆ ನೋಡಿದಳು.

ಮಾರ್ಚ್ ೨೦
ಈ ವಾರ ಅಮ್ಮ ಬಚ್ಚಲಿಗೆ ಕರೆಯುವುದೇ ಅಪರೂಪ. ನಿಜ ಹೇಳಬೇಕೆಂದರೆ — ಹಾಯೆನಿಸಿದೆ.

ಮಾರ್ಚ್ ೨೭
ಅಮ್ಮನಿಗೆ ವಿಪರೀತ ಜ್ವರ. ನನ್ನ ಗುರುತೂ ಹಿಡಿಯುತ್ತಿಲ್ಲ. ಆಸ್ಪತ್ರೆಗೆ ಸೇರಿಸಿದೆ. ನರ್ಸ್ ಗದರಿದಳು, "ಮೈಯಲ್ಲಿ ನೀರೇ ಇಲ್ವಲ್ಲ. ಕುಡಿಸ್ತಾನೇ ಇರ್ಲಿಲ್ವಾ?"

ಕೆಲಸಕ್ಕೆ ಹೋಗುವಾಗ ದಿನವೂ ಜಗ್ ತುಂಬಿಟ್ಟಿದ್ದೆ. ಸಂಜೆ ಖಾಲಿ ಇರುತ್ತಿತ್ತು.

ಬಟ್ಟೆ ತರಲು ಮನೆಗೆ ಬಂದವಳು ಮಂಚದ ಪಕ್ಕದ ಕಿಟಕಿಯಿಂದ ಬಗ್ಗಿ ನೋಡಿದೆ. ಹೊರಗೋಡೆಯುದ್ದಕ್ಕೂ ನೀರಿಳಿದ ಕಲೆ. ಬುಡದಲ್ಲಿ ಹಸಿರು ಪಾಚಿ.

ಏಪ್ರಿಲ್ ೩
ಮನೆಗೆ ಬಂದೆವು. ಅಮ್ಮ ಅರ್ಧವಾಗಿದ್ದಾಳೆ. ಆದರೂ ಎತ್ತುವಾಗ ಕಣ್ಣು ಕತ್ತಲಿಟ್ಟಿತು.

"ಯಾಕಮ್ಮ ನೀರು ಚೆಲ್ಲಿದೆ?"

ಗೋಡೆಯ ಕಡೆ ಮುಖ ತಿರುಗಿಸಿದಳು. "ಕುಡಿದ್ರೆ ನೀನೇ ಎತ್ತಬೇಕಲ್ಲೇ."

ಅಳು ಬಂತು. ಕೋಪವೂ. ತಲೆ ಎತ್ತಿ ಹಿಡಿದು ಲೋಟದ ನೀರೆಲ್ಲ ಕುಡಿಸಿದೆ. ಬೆಲ್ಟ್ ಬಿಗಿದುಕೊಂಡು ಎದುರೇ ಕುಳಿತಿದ್ದೇನೆ. ಅಮ್ಮ ತುಟಿ ಕಚ್ಚಿಕೊಂಡು ಸೂರು ನೋಡುತ್ತಿದ್ದಾಳೆ. ಕರೆಯುತ್ತಿಲ್ಲ. ಕರೆಯಲಿ ಎಂದೂ ಇದೆ, ಬೇಡವೆಂದೂ...

ಕರೆದಳು. ಎಡಗಾಲು ಜೋಮು ಹಿಡಿದಿದೆ. ಬಂದೆ ಅಮ್ಮ, ಬಂದೆ —