ನಾಷ್ಟಾ ಆತೇನ್ರಿ ಎಂದು ಕೇಳಿ ಕಾದದ್ದು

ಬಾಗಲಕೋಟೆ
ಫೆಬ್ರವರಿ ೩೦, ೨೧೯೬

ನಮಗಿಂತ ಮೊದಲು ರೇಡಿಯೋ ಕೇಳಿದವರಿಗೆ,

ತಾರೀಕು ತಪ್ಪಿಲ್ಲ, ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಕನ್ನಡ ವಿಚಿತ್ರವೆನಿಸಿದರೆ ಸಾರಿ. ಒಂದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಬೆಳೆದವಳು, ಅರ್ಧ ವಾಕ್ಯ ಇಂಗ್ಲಿಷಿನಲ್ಲೇ ಹೊಳೆಯುತ್ತದೆ. ಮೇಲಾಗಿ ಸಂಜೆ ಮೈಕಿನ ಮುಂದೆ ಕೂರಬೇಕು. ನಾನು ಎಡವಿದರೆ ಕಾಲೇಜಿನ ರೇಡಿಯೋನೇ ಹೋಗುತ್ತದೆ.

ಈಗ ಎಲ್ಲರ ಕಿವಿಯಲ್ಲೂ ಕಿವಿಮಣಿ. ಜೋಳದ ಕಾಳಿನಷ್ಟು ಚಿಕ್ಕದು, ಹುಟ್ಟಿದ ವರ್ಷವೇ ಹಾಕುತ್ತಾರೆ. ಅವರವರಿಗೆ ಬೇಕಾದ ಹಾಡು, ಬೇಕಾದ ಸುದ್ದಿ, ಬೇಕಾದ ದನಿಯಲ್ಲಿ ಕೊಡುತ್ತದೆ. ಮಾತಾಡಿಸಿದರೆ ತಕ್ಷಣ ಉತ್ತರಿಸುತ್ತದೆ. ರೂಮ್‌ಮೇಟ್ ಮಂದಾಕಿನಿ ಏನು ಕೇಳುತ್ತಾಳೋ ನನಗೆ ಗೊತ್ತಿಲ್ಲ. ಒಂದೇ ಮಂಚದ ಮೇಲೊಬ್ಬಳು ಕೆಳಗೊಬ್ಬಳು ಮಲಗಿ, ಬೇರೆ ಬೇರೆ ವಿಷಯಕ್ಕೆ ನಗುತ್ತೇವೆ. ಆದರೂ ನಮ್ಮ ಮೆಸ್ಸಿನಲ್ಲಿ, ಅಂಗಳದಲ್ಲಿ, ಬಟ್ಟೆ ಒಗೆಯುವ ಕಟ್ಟೆಯ ಬಳಿ ಹಳೆಯ ರೇಡಿಯೋ ಪೆಟ್ಟಿಗೆಗಳು ಉಳಿದಿವೆ. ಬೆಳಿಗ್ಗೆ ಸಂಜೆ ಒಂದೊಂದು ತಾಸು ವಿದ್ಯಾರ್ಥಿಗಳೇ ಮಾತಾಡುತ್ತಾರೆ.

ಇಂದು ಬೆಳಿಗ್ಗೆ ನನ್ನ ಮೊದಲ ಸರದಿ. "ನಮಸ್ಕಾರ. ಎಲ್ಲಾರದೂ ನಾಷ್ಟಾ ಆತೇನ್ರಿ?" ಎಂದು ಕೇಳಿದೆ. ಕೇಳಿ, ಕಾಯುತ್ತ ಕುಳಿತೆ. ಕಿವಿಮಣಿಯ ಅಭ್ಯಾಸ, ಕೇಳಿದರೆ ಉತ್ತರ ಬರಲೇಬೇಕು. ಸೀನಿಯರ್ ಗುರುಬಸವಣ್ಣ ಗಾಜಿನಾಚೆ ಕೈಬೀಸಿ ಬೀಸಿ ಸೋತು, ಒಳಗೆ ನುಗ್ಗಿ ಹಾಡು ಹಾಕಿದ. "ಯಾರ ದಾರಿ ಕಾಯಾಕತ್ತೀ ತಂಗಿ, ಬೀಗರು ಬರಾವ್ರಿದ್ರೇನು?" ಎಂದ.

ಪ್ರಿನ್ಸಿಪಾಲರು ಕರೆಸಿದರು. "ಯಾರೂ ಕೇಳಂಗಿಲ್ಲ ಅಂತ ನಿನಗೂ ಗೊತ್ತೈತಿ, ಅದಕ್ಕ ಸುಮ್ಮನ ಕುಂತಿ." ಸಂಜೆ ತಾವೇ ಅಂಗಳದಲ್ಲಿ ಕೂತು ಕೇಳುತ್ತಾರಂತೆ. ಮತ್ತೊಮ್ಮೆ ದನಿ ನಿಂತರೆ ರೇಡಿಯೋ ಟವರ್ ಇಳಿಸಿ ಜಾಗವನ್ನು ಕಿವಿಮಣಿ ಕಂಪನಿಗೆ ಕೊಡುತ್ತಾರಂತೆ.

ಕಣ್ಣೊರೆಸಿಕೊಂಡು ಮೆಸ್ಸಿಗೆ ಹೋದರೆ ಅಲ್ಲಿ ಜಗಳ ನಡೆದಿತ್ತು. "ನಾಷ್ಟಾ ಆತೇನ್ರಿ ಅಂದಾಗ ನಾ ಇಲ್ಲ ಅಂದೆ" ಎಂದಳು ಮಂದಾಕಿನಿ. "ಸುಳ್ಳಿ, ಎರಡು ಪ್ಲೇಟ್ ಹೊಡದಿದ್ದಿ" ಎಂದರು ಉಳಿದವರು. ವಾರ್ಡನ್ ಮೇಡಂ ನನ್ನನ್ನೇ ತಡೆದರು: "ಉಪ್ಪಿಟ್ಟು ಸೀದೈತಿ ಅಂತ ಹೇಳಾಕ ನಾ ಬಾಯಿ ತೆಗದಿದ್ದೆ, ಅಷ್ಟ್ರಾಗ ಹಾಡು ಹಾಕಿಬಿಟ್ರಿ. ಇನ್ನೊಂಚೂರು ತಡೀಬೇಕಿತ್ತು."

ಎಲ್ಲರೂ ಪೆಟ್ಟಿಗೆಗೆ ಉತ್ತರಿಸಿದ್ದರು. ಈ ಹಾಸ್ಟೆಲಿನಲ್ಲಿ ಎಲ್ಲರೂ ಒಂದೇ ವಿಷಯಕ್ಕೆ ಕಚ್ಚಾಡಿದ್ದನ್ನು ನಾನು ಕಂಡದ್ದು ಇದೇ ಮೊದಲು. ಕಿವಿಮಣಿ ನಮಗೆ ಎಲ್ಲವನ್ನೂ ಕೊಟ್ಟಿದೆ, ಇದೊಂದನ್ನು ಬಿಟ್ಟು.

ಸಂಜೆಗೆಂದು ಗುರುಬಸವಣ್ಣ ಮಾತು ಬರೆದುಕೊಟ್ಟಿದ್ದಾನೆ, ನಡುವೆ ಉಸಿರಾಡಲೂ ಎಡೆಯಿಲ್ಲ. ಓದಿದರೆ ಇವತ್ತಿಗೆ ಟವರ್ ಉಳಿಯುತ್ತದೆ. ಯಾರೂ ಕೇಳುವುದಿಲ್ಲ ಎಂಬ ಮಾತೂ ಉಳಿಯುತ್ತದೆ. ನಾನು ಓದುವುದಿಲ್ಲ. ಕಿಟಕಿ ತೆರೆಯಿರಿ ಎನ್ನುತ್ತೇನೆ. ಕೇಳಾಕತ್ತೀರೇನ್ರಿ ಎನ್ನುತ್ತೇನೆ. ಆಮೇಲೆ ಸುಮ್ಮನಾಗುತ್ತೇನೆ. ಸ್ಟುಡಿಯೋದ ಗೋಡೆ ದಪ್ಪ, ಉತ್ತರ ಬಂದರೂ ನನಗೆ ಕೇಳಿಸದು. ಅಂಗಳದಲ್ಲಿ ಕೂತ ಪ್ರಿನ್ಸಿಪಾಲರಿಗೆ ಕೇಳಿಸಬೇಕು.

ನಿಮ್ಮಲ್ಲಿ ಒಂದೇ ಬೇಡಿಕೆ. ರೇಡಿಯೋದಲ್ಲಿ ಯಾರಾದರೂ ಹೇಗಿದ್ದೀರಿ ಎಂದರೆ, ಮನೆಯಲ್ಲಿ ಒಬ್ಬರೇ ಇದ್ದರೂ ಬಾಯಿಬಿಟ್ಟು ಹೇಳಿ. ಕೇಳಿದವಳಿಗೆ ಅದು ಮುಟ್ಟುವುದಿಲ್ಲ. ಪಕ್ಕದ ಮನೆಯವರಿಗೆ ಕೇಳಿಸುತ್ತದೆ.

ಸುನಯನಾ ಕೆರೂರ
ಫಸ್ಟ್ ಇಯರ್