ನವೆಂಬರ್ ಹದಿನೆಂಟರ ರೈಲು

ಗದಗ-ಬೆಟಗೇರಿ
೨೦ ನವೆಂಬರ್ ೧೯೮೬

ಪ್ರೀತಿಯ ವಿಮಲಾ,

ಸರಸ್ವತಿಬಾಯಿ ವಾಸುದೇವ ಸೊರಟೂರ, ಬೆಟಗೇರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತಮೂರು ವರ್ಷ ಸೇವೆ ಸಲ್ಲಿಸಿ ನಿವೃತ್ತಳಾದ ಶಿಕ್ಷಕಿ, ಬರೆಯುವುದೇನೆಂದರೆ... ಸೊಸೆಗೆ ಹೀಗೆ ಬರೆಯುತ್ತಾರೆಯೇ ಎಂದು ನಗಬೇಡ. ಧಾರವಾಡದ ರೇಡಿಯೋದವರಿಗೆ ಉತ್ತರದ ಕರಡು ಬರೆದು ಮುಗಿಸಿದ್ದೆ. ಕೈ ಅದೇ ದಾರಿ ಹಿಡಿಯಿತು. ನಿನ್ನ ಆರೋಗ್ಯ ಹೇಗಿದೆ? ಮುಂಡರಗಿಯಲ್ಲಿ ತವರಿನವರೆಲ್ಲ ಕ್ಷೇಮವೇ? ಒಂದು ಹೊತ್ತಾದರೂ ಬಿಸಿ ಊಟ ಮಾಡು.

ಶಾಲೆಯಲ್ಲಿ ಕರಿಹಲಗೆಯ ಬಲಮೂಲೆಯನ್ನು ನಾನು ಯಾರಿಗೂ ಅಳಿಸಗೊಡುತ್ತಿರಲಿಲ್ಲ. ಸಂಗೀತಲೋಕದಲ್ಲಿ ಹಿಂದೆ ಅದೇ ತಾರೀಖಿಗೆ ನಡೆದದ್ದನ್ನು ಅಲ್ಲಿ ಬರೆಯುತ್ತಿದ್ದೆ: ಯಾವ ಗಾಯಕರು ಹುಟ್ಟಿದರು, ಯಾರ ಹಾಡು ಮೊದಲ ಸಲ ಗ್ರಾಮಫೋನಿನ ತಟ್ಟೆಗೆ ಇಳಿಯಿತು. ೧೯೭೨ರ ನವೆಂಬರ್ ಹದಿನೆಂಟರಂದು ‘ಇಂದು ಶ್ರೀಪಾದ ಸೊರಟೂರ ಇವರ ಪ್ರಥಮ ಗಾಯನ, ಧಾರವಾಡ ರೇಡಿಯೋ’ ಎಂದು ಬರೆದೆ. ಮಗನೆಂದು ಹೇಳಲಿಲ್ಲ. ಹುಡುಗಿಯರು ಅಡ್ಡಹೆಸರು ಓದಿ ಚಪ್ಪಾಳೆ ತಟ್ಟಿದರು. ೧೯೭೮ರಲ್ಲಿ ಅದೇ ತಾರೀಖನ್ನು ಅವನೇ ಕೇಳಿ ಪಡೆದ. ಆಗ ತಂಬೂರಿ ಹಿಡಿದು ಹಿಂದೆ ಕುಳಿತವಳು ನೀನು. ಎರಡು ಸಲವೂ ಬೆಳಿಗ್ಗೆ ಹಾಡಿ, ಸಂಜೆಯ ರೈಲಿಗೆ ಬಂದು, ತನ್ನ ಅಜ್ಜಿಯ ಎದುರು ಕುಳಿತೇ ಉಂಡ.

ಅವನು ತೀರಿಕೊಂಡು ಎರಡು ವರ್ಷವಾದ ಮೇಲೆ, ಮೊನ್ನೆ ಅದೇ ತಾರೀಖಿಗೆ, ನಿಮ್ಮಿಬ್ಬರ ಆ ಟೇಪನ್ನು ರೇಡಿಯೋದವರು ಮತ್ತೆ ಹಾಕಿದರು. ಮೊದಲು ನಿನ್ನ ತಂಬೂರಿ ಕೇಳಿಸಿತು, ಆಮೇಲೆ ಅವನು. ನಡುವೆ ಒಮ್ಮೆ ಕೆಮ್ಮಿದ್ದಾನಲ್ಲ, ಅದೂ ಹಾಗೆಯೇ ಇದೆ. ಎಲ್ಲವನ್ನೂ ಮರೆತುಬಿಡುವ ಅಜ್ಜಿ ಹಾಸಿಗೆಯಲ್ಲಿ ಎದ್ದು ಕುಳಿತರು.

‘ಶ್ರೀಪಾದ ಹಾಡ್ಲಿಕ್ಹತ್ತಾನ. ಸಂಜಿ ರೈಲಿಗೆ ಬರ್ತಾನ, ಹಿಟ್ಟು ನಾದು’ ಎಂದರು. ‘ಅದು ಟೇಪರೀ, ಹಳೇದು’ ಎಂದೆ. ‘ಹಳೇದಿದ್ರೇನಾತು? ಧ್ವನಿ ಇಲ್ಲೇ ಅದ, ಬಾಯಿ ಎಲ್ಲಿ ಹೋಗ್ತದ? ಇಷ್ಟು ವರ್ಷ ಮಂದಿ ಮಕ್ಕಳಿಗೆ ಕಲಿಸಿದಿ, ನಿನ್ನ ಮಗನ ರೈಲು ಯಾವಾಗ ಬರ್ತದ ಗೊತ್ತಿಲ್ಲೇನ ನಿನಗ?’

ಪ್ರತಿವರ್ಷ ಆ ದಿನ ಇದೇ ಹಾಡು ಹಾಕಲು ರೇಡಿಯೋದವರು ಒಪ್ಪಿಗೆ ಕೇಳಿದ್ದಾರೆ. ಸಹಿ ಹಾಕಬೇಕಾದವಳು ನೀನು. ‘ನಾ ಕೇಳಲಾರೆ, ಬ್ಯಾಡಂತ ಬರೀರಿ’ ಎಂದು ನೀನು ಹೇಳಿಕಳಿಸಿದ್ದೆ. ಮುದಿಜೀವವನ್ನು ವರ್ಷ ವರ್ಷ ಕಾಯಿಸುವುದು ಉಚಿತವಲ್ಲವೆಂದು ನಾನೂ ಕರಡಿನಲ್ಲಿ ಬೇಡವೆಂದೇ ಬರೆದೆ.

ದೇವರು ನಿನಗೆ ಧೈರ್ಯ ಕೊಡಲಿ. ನಿನ್ನ ತಾಯಿಗೆ ನಮಸ್ಕಾರ ತಿಳಿಸು.

ನಿನ್ನ ಅತ್ತೆ,
ಸರಸ್ವತಿಬಾಯಿ

ತಾ.ಕ.: ಆ ಸಂಜೆ ಸ್ಟೇಷನ್ನಿಗೆ ಹೋಗಿದ್ದೆ. ಅಜ್ಜಿಯ ಸಮಾಧಾನಕ್ಕೆಂದು ಪಕ್ಕದ ಮನೆಯ ದಾವಲಬಿಗೆ ಹೇಳಿದೆ. ಅದು ಖರೆಯಲ್ಲ. ಅಜ್ಜಿ ಆಗಲೇ ಎಲ್ಲ ಮರೆತು ಮಲಗಿದ್ದರು. ರೈಲು ಬಂದಾಗ ನಾನು ಪ್ರತಿ ಡಬ್ಬಿಗೂ ಇಣುಕಿ ನೋಡಿದೆ, ವಿಮಲಾ. ಕರಡನ್ನು ಈಗಷ್ಟೇ ಹರಿದೆ. ಸಹಿ ಹಾಕು. ಬರುವ ವರ್ಷವೂ ನನಗೆ ಆ ರೈಲು ಬೇಕು.

ಲಗತ್ತು: ರೇಡಿಯೋದವರ ಪತ್ರ, ಒಪ್ಪಿಗೆಯ ಹಾಳೆ, ಸಹಿಯ ಜಾಗ ಖಾಲಿ, ಅಂಚೆಚೀಟಿ ಹಚ್ಚಿದ ಲಕೋಟೆ, ಗದಗ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ಟಿಕೀಟು, ಒಂದು.